ಒಂದೇ ಸೀಟಿನ ಗಾಡಿ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ಶಂಭುಲಿಂಗನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಅರವತ್ತು ವರ್ಷದ ಹಳೇ ಟ್ರ್ಯಾಕ್ಟರ್ ನಿಂತಿದೆ. ಅವನು ಅದನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿದು ಎಬ್ಬಿಸುವಾಗ ಪಕ್ಕದಲ್ಲಿ ಕೂತು ಒಂದೊಂದು ಬೋಲ್ಟನ್ನೂ ಒರೆಸಿಕೊಟ್ಟವರು ತಾಯಿ ರುದ್ರವ್ವ. ಆದರೆ ಹೋದ ವರ್ಷ ಹಳೇ ಟ್ರ್ಯಾಕ್ಟರುಗಳ ಪ್ರದರ್ಶನದಲ್ಲಿ ಅದು ಮೆರವಣಿಗೆ ಹೊರಟಾಗ ನೋಡುವ ಭಾಗ್ಯ ಅವರಿಗಿರಲಿಲ್ಲ. ಮೈದಾನ ದೊಡ್ಡದು, ಮೊಣಕಾಲು ಮಾತು ಕೇಳಲಿಲ್ಲ. ದಿನವಿಡೀ ಕಾರಿನಲ್ಲಿ ಕೂತು ಬರೀ ಸದ್ದು ಕೇಳಿ ಮನೆಗೆ ಬಂದರು. ಬಹಳ ನೊಂದಿದ್ದರು.

ಈ ವರ್ಷ ಪಕ್ಕದ ಮನೆಯ ಸಂಧ್ಯಾರಾಣಿ ಸುದ್ದಿ ತಂದಳು. ಮೈಸೂರಿನ ಹುಡುಗಿ, ಕೆಲಸ ಫಿಸಿಯೋಥೆರಪಿ, ಟ್ರ್ಯಾಕ್ಟರ್ ಕ್ಲಬ್ಬಿನಲ್ಲಿ ವಾಲಂಟಿಯರ್.

"ಆಂಟಿ, ಈ ಸಲ ಪ್ರದರ್ಶನಕ್ಕೆ ಮೊಬಿಲಿಟಿ ಸ್ಕೂಟರ್, ಅದೇ ಕೂತು ಓಡಿಸೋ ಬ್ಯಾಟರಿ ಗಾಡಿ, ಅಲೋ ಮಾಡ್ತಿದ್ದಾರೆ. ನಡೆಯೋಕೆ ಆಗದವರಿಗೆ ಮಾತ್ರ. ಮೊದಲೇ ಹೆಸರು ಕೊಟ್ಟು ಪಾಸ್ ತಗೋಬೇಕು. ಬುಕ್ ಮಾಡ್ಲಾ?"

ಶಂಭುಲಿಂಗ ನಡುವೆ ಬಾಯಿ ಹಾಕಿದ. "ಬ್ಯಾಡ ಸಂಧ್ಯಾ. ಈ ಹಳೇ ಟ್ರ್ಯಾಕ್ಟರಿನ ಬ್ರೇಕ್ ಹೇಳಿದ್ದು ಕೇಳಂಗಿಲ್ಲ. ಬಾನೆಟ್ ಮುಂದ ತಗ್ಗಿನ್ಯಾಗ ಏನೈತಿ ಅಂತ ಕಾಣಂಗಿಲ್ಲ. ಇವತ್ತ ಇದನ್ನ ಬಿಟ್ರ ನಾಳೆ ಹುಡುಗರು ಇ-ಸ್ಕೂಟರ್ ತರ್ತಾರ, ಮತ್ತೊಬ್ಬ ಗಾಲ್ಫ್ ಕಾರ್ಟ್ ತರ್ತಾನ."

"ಅವಕ್ಕೆಲ್ಲ ಗೇಟಲ್ಲೇ ನೋ, ಅಣ್ಣ. ಮಜಾಕ್ಕೆ ಓಡಿಸೋದು ಬೇರೆ, ನಡೆಯೋಕಾಗದ್ದಕ್ಕೆ ಓಡಿಸೋದು ಬೇರೆ. ನಡೆಯೋಷ್ಟೇ ಸ್ಪೀಡು, ಗಾಡಿಗೆ ಒಬ್ಬರೇ, ಮೆರವಣಿಗೆ ದಾರಿಗೆ ಕಟ್ಟಿರೋ ಹಗ್ಗದಿಂದ ಈಚೆಗೇ ಇರಬೇಕು. ಈ ವರ್ಷ ಟ್ರಯಲ್. ಏನಾದ್ರೂ ಎಡವಟ್ಟಾದ್ರೆ ಮುಂದಿನ ವರ್ಷ ಯಾರಿಗೂ ಇರಲ್ಲ."

ರುದ್ರವ್ವ ಮಗನ ಮುಖ ನೋಡಲಿಲ್ಲ. "ನನ್ನ ಹೆಸರು ಬರಿಯವ್ವಾ," ಎಂದರು.

ಪ್ರದರ್ಶನದ ದಿನ ಬಾಡಿಗೆಗೆ ತಂದ ಕೆಂಪು ಸ್ಕೂಟರ್ ಏರಿದ ರುದ್ರವ್ವನ ಸಂಭ್ರಮ ಹೇಳತೀರದು. ಸಾಲಾಗಿ ನಿಂತ ಟ್ರ್ಯಾಕ್ಟರುಗಳನ್ನೆಲ್ಲ ಕಣ್ತುಂಬ ನೋಡುತ್ತ ಹೊರಟಿದ್ದರು. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಗೆಳತಿ ನೀಲಕ್ಕ ಬುತ್ತಿಯ ಚೀಲ ಹೊತ್ತು ಎದುರಾದರು. ನಮ್ಮವರ ಸ್ವಭಾವ ಗೊತ್ತಲ್ಲ? ಗಾಡಿಯಲ್ಲಿ ಹೋಗುವವರು ಗುರುತಿನವರನ್ನು ಕಂಡರೆ ಹತ್ತಿಸಿಕೊಳ್ಳಲೇಬೇಕು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಸಂತೆಗೆ ಹೋದ ಜನ ನಾವು.

"ನಡಕೋತ ಯಾಕ ಹೊಂಟಿ ನೀಲಕ್ಕಾ? ಹಿಂದ ಹತ್ತಿ ನಿಂದ್ರ ಬಾ."

"ಒಬ್ಬರೇ ಕುಂದ್ರಬೇಕಂತಲ್ಲ?"

"ನಾಕು ಹೆಜ್ಜಿಗೆ ಯಾರು ಕೇಳ್ತಾರ, ಬಾ!"

ನೀಲಕ್ಕ ಹಿಂದೆ ಹತ್ತಿ ನಿಂತರು. ಸಣ್ಣ ಏರು ಬಂತು. ಹಿಂದೆ ಭಾರವಾಗಿ ಮುಂದಿನ ಚಕ್ರ ನೆಲ ಬಿಟ್ಟಿತು. ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗದೆ ಹಗ್ಗವನ್ನು ತಳ್ಳಿಕೊಂಡು ನುಗ್ಗಿ ಮೆರವಣಿಗೆಯ ದಾರಿಯಲ್ಲಿ ನಿಂತಿತು. ಎದುರಿಗೆ ಬರುತ್ತಿದ್ದವನು ಶಂಭುಲಿಂಗನೇ. ಬಾನೆಟ್ಟಿನಾಚೆ ಅವನಿಗೆ ತಾಯಿ ಕಾಣಲಿಲ್ಲ. ದಾರಿ ಕಾಯುತ್ತಿದ್ದ ಸಂಧ್ಯಾರಾಣಿ ಕೆಂಪು ಬಾವುಟ ಬೀಸುತ್ತ ಓಡಿದಳು. ಅವನು ಎರಡೂ ಕಾಲಿನಿಂದ ಬ್ರೇಕ್ ಒತ್ತಿ ನಿಂತ. ಟ್ರ್ಯಾಕ್ಟರ್ ಎರಡು ಮಾರು ದೂರದಲ್ಲಿ ನಿಂತಿತು.

ಶಂಭುಲಿಂಗ ಇಳಿದು ಓಡಿ ಬಂದ. "ಯವ್ವಾ, ನನ್ನ ಕೈಯಾರೆ ನಿನ್ನ..." ಎನ್ನುತ್ತ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. ಆಮೇಲೆ ಸಂಧ್ಯಾರಾಣಿಯ ಮೇಲೆ ಹರಿಹಾಯ್ದ. "ನೋಡಿದೇನು? ಬಂದ್ ಮಾಡ್ರಿ ಇದನ್ನ! ಸಂಜೀಕ ಕ್ಲಬ್ಬಿನ ಮೀಟಿಂಗಿನ್ಯಾಗ ನಾನೇ ಹೇಳ್ತೀನಿ."

ರುದ್ರವ್ವ ಹಗ್ಗದ ಕಡೆ ತಿರುಗಿದರು. ಏಳೆಂಟು ಜನ ತಮ್ಮ ತಮ್ಮ ಸ್ಕೂಟರಿನಲ್ಲಿ ಕೂತು ಇತ್ತಲೇ ನೋಡುತ್ತಿದ್ದರು. ತನ್ನೊಬ್ಬಳಿಂದ ಇವರೆಲ್ಲರ ದಾರಿ ಮುಚ್ಚುತ್ತದಲ್ಲ ಎಂದುಕೊಂಡು ಮಗನ ಕಡೆ ತಿರುಗಿದರು.

"ತಪ್ಪು ಗಾಡೀದಲ್ಲ ಮಗನ, ನಂದು. ಒಬ್ಬರ ಗಾಡಿಗೆ ಇಬ್ಬರನ್ನ ಹತ್ತಿಸಿದಾಕಿ ನಾನು. ನೆಗಡಿ ಬಂತಂತ ಮೂಗು ಕೊಯ್ಕೋತಾರೇನು? ನನ್ನ ಪಾಸ್ ಕಸಗೋರಿ. ಅವರದ್ದು ಬ್ಯಾಡ."

ಕೊರಳಿನ ಪಾಸ್ ತೆಗೆದು ಸಂಧ್ಯಾರಾಣಿಯ ಕೈಗೆ ಕೊಟ್ಟೇಬಿಟ್ಟರು. ನೀಲಕ್ಕ ಎಲ್ಲಿಂದಲೋ ಒಂದು ಮಡಚುವ ಕುರ್ಚಿ ತಂದು ಹಗ್ಗದ ಪಕ್ಕ ಹಾಕಿದರು. ರುದ್ರವ್ವ ಅಲ್ಲಿ ಕೂತು, ಮಗನ ಟ್ರ್ಯಾಕ್ಟರ್ ಒಂದೇ ಒಂದು ಸುತ್ತು ಹಾದುಹೋಗುವುದನ್ನು ನೋಡಿದರು.

ಸಂಜೆ ಮೀಟಿಂಗಿನಲ್ಲಿ ಶಂಭುಲಿಂಗ ಎದ್ದು ನಿಂತಾಗ ಸ್ಕೂಟರ್ ಬಂದ್ ಆಯಿತೆಂದೇ ಸಂಧ್ಯಾರಾಣಿ ಅಂದುಕೊಂಡಳು. ಅವನು ಹೇಳಿದ್ದೇ ಬೇರೆ. ನಡೆಯಲಾಗದವರ ಸ್ಕೂಟರ್ ಇರಲಿ. ಆದರೆ ಟ್ರ್ಯಾಕ್ಟರ್ ಮೇಲೆ ಕೂತವನಿಗೂ ಕಾಣುವಂತೆ ಪ್ರತಿ ಸ್ಕೂಟರಿಗೂ ಎತ್ತರದ ಬಾವುಟ ಕಟ್ಟಬೇಕು. ಪಾಸ್ ಕೊಡುವಾಗ ನಿಯಮವನ್ನು ಅವರವರ ಭಾಷೆಯಲ್ಲಿ ಬಿಡಿಸಿ ಹೇಳಬೇಕು, ಕನ್ನಡದವರಿಗೆ ತಾನೇ ಹೇಳುತ್ತೇನೆ ಎಂದ. ಬಹುಪಾಲು ಕೈಗಳು ಮೇಲೆದ್ದವು. ಮುಂದಿನ ವರ್ಷದ ಪಟ್ಟಿಯಲ್ಲಿ ರುದ್ರವ್ವನ ಹೆಸರನ್ನು ಮಗನೇ ಬರೆದ.

ಅಣ್ಣಂದಿರೇ, ಅಕ್ಕಂದಿರೇ, ನೀವು ಸಿಡ್ನಿಯಲ್ಲಿರಲಿ, ಮೆಲ್ಬರ್ನ್‌ನಲ್ಲಿರಲಿ, ಇಂಥ ಪ್ರದರ್ಶನಕ್ಕೆ ಹೋಗುವಾಗ ಮಜಾದ ಗಾಡಿಗಳನ್ನು ಮನೆಯಲ್ಲೇ ಬಿಡಿ. ನಡೆಯಲಾಗದವರಿಗೆ ಮೊದಲೇ ಪಾಸ್ ಕೇಳಿ. ಗುರುತಿನವರು ಸಿಕ್ಕರೆ ಹತ್ತಿಸಿಕೊಳ್ಳಬೇಡಿ. ಹೇಗೂ ಅದು ನಡೆಯುವ ವೇಗದ ಗಾಡಿ, ಅವರು ಪಕ್ಕದಲ್ಲೇ ನಡೆದರೆ ಮಾತಿಗೂ ಆಯಿತು, ಜೀವಕ್ಕೂ ಒಳ್ಳೆಯದು. ಮತ್ತೆ ಹೊರಡುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ನೀವೂ ಬರ್ತೀರಾ?"