ಮೂವತ್ತೆಂಟು ಸುತ್ತಿಗೆ

ಮೂರನೇ ಸಲ ಅರ್ಜಿ ಕೊಡಲು ಹೋದಾಗ ಹೊಸಪೇಟೆ ಕಚೇರಿಯ ಗುಮಾಸ್ತ ನನ್ನ ಮುಖ ನೋಡಿ ನಕ್ಕ. "ಮತ್ತ ಬಂದ್ರೇನ್ರಿ ಟೀಚರಮ್ಮ?" ಎಂದ. "ನೀವು ವಾಪಸ್ ಕಳಸೋದು ಬಿಡ್ರಿ, ನಾನು ಬರೋದು ಬಿಡ್ತೀನಿ" ಎಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳಿಗೆ ಒಂದು ನಮೂನೆ ತುಂಬಲು ಬರುವುದಿಲ್ಲ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ!

ಅರ್ಜಿ ಯಶವಂತನಗರದ ನಮ್ಮ ವಸ್ತುಸಂಗ್ರಹಾಲಯದ್ದು. ಹೆಸರು ದೊಡ್ಡದು, ಇರುವುದು ಒಂದೇ ಕೋಣೆ. ಯಂತ್ರಗಳು ಬರುವ ಮೊದಲು ಸಂಡೂರಿನ ಗಣಿಗಳಲ್ಲಿ ಅದಿರನ್ನು ಸುತ್ತಿಗೆಯಿಂದ ಒಡೆಯುತ್ತಿದ್ದವರು ಹೆಂಗಸರು. ನನ್ನ ಅವ್ವ ಭರಮಮ್ಮನೂ ಅವರಲ್ಲೊಬ್ಬಳು. ಅದಿರು ಒಡೆದೇ ನನ್ನನ್ನು ಓದಿಸಿದಳು. ಅವ್ವ ತೀರಿಕೊಂಡ ವರ್ಷ ನಾನು ಅವಳ ಜೊತೆಯವರ ಮನೆಮನೆಗೆ ಅಲೆದು ಸುತ್ತಿಗೆ, ಜರಡಿ, ಬುಟ್ಟಿ ಕೇಳಿ ತಂದೆ. ಪಂಚಾಯ್ತಿಯವರು ಖಾಲಿ ಬಿದ್ದಿದ್ದ ಕೋಣೆ ಕೊಟ್ಟರು. ನಾಲ್ಕು ವರ್ಷವಾದ ಮೇಲೆ ಅವರೇ, "ಈ ಸಲ ಸರ್ಕಾರದ ಅನುದಾನ ಬರಲಿಲ್ಲಂದ್ರ ಕೋಣಿ ಬಿಟ್ಟುಕೊಡ್ರಿ, ಪೈಪು ಇಡಾಕ ಜಾಗ ಬೇಕು" ಎಂದರು. ಅನುದಾನ ಬಂದರೆ ಕೋಣೆ ಉಳಿಯುತ್ತದೆ. ಬರದಿದ್ದರೆ ಎಲ್ಲವೂ ಗುಜರಿಗೆ.

ಎರಡು ಸಲವೂ ಅರ್ಜಿ ವಾಪಸಾದದ್ದು ಒಂದೇ ಕಲಮಿನ ಕಾರಣಕ್ಕೆ. ಪ್ರತಿ ವಸ್ತುವಿನ ಮುಂದೆ ಅದರ 'ವಿಶೇಷ ಗುರುತು' ಬರೆಯಬೇಕಂತೆ. ಮೂವತ್ತೆಂಟು ಸುತ್ತಿಗೆ, ಎಲ್ಲವೂ ಕಬ್ಬಿಣ, ಎಲ್ಲಕ್ಕೂ ಕಟ್ಟಿಗೆಯ ಹಿಡಿಕೆ. ಏನಂತ ಬರೆಯಲಿ? ಎಲ್ಲದರ ಮುಂದೆಯೂ 'ಕಬ್ಬಿಣದ ಸುತ್ತಿಗೆ' ಎಂದೇ ಬರೆದೆ. 'ಒಂದೇ ಥರದವು ಇಷ್ಟು ಬೇಡ, ಎರಡು ಸಾಕು' ಎಂದು ಷರಾ ಬರೆದು ಕಳಿಸಿದರು. ಯಾವ ಇಬ್ಬರದನ್ನು ಇಟ್ಟುಕೊಂಡು ಯಾರದನ್ನು ಎಸೆಯಲಿ? ಈ ಸಲ, 'ಬಂದು ಕಣ್ಣಾರೆ ನೋಡಿ, ಆಮೇಲೆ ಮಾತಾಡಿ' ಎಂದು ಬರೆದುಕೊಟ್ಟೆ. ದಸರಾ ಮುಗಿದ ಮೇಲೆ ಪರಿಶೀಲನೆಗೆ ಬರುತ್ತೇವೆಂದು ಪತ್ರ ಬಂತು.

ಪತ್ರದ ಮಾತು ಪತ್ರದಲ್ಲೇ ಉಳಿಯಿತು. ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆಯೇ ಫೋನು. ಅಧಿಕಾರಿಯ ಹೆಸರು ಹಾಲೇಶ್, ಕಂಪ್ಲಿಯ ಅಕ್ಕಿ ಗಿರಣಿಯವರ ಮಗ. "ತೋರಣಗಲ್ಲಿಗೆ ಬಂದೀನ್ರಿ ಮೇಡಂ, ಹಂಗ ನಿಮ್ದೂ ನೋಡಿ ಹೋಗ್ತೀನಿ. ಮತ್ತ ಬರಾಕ ಆಗಂಗಿಲ್ಲ" ಎಂದರು. ಹಬ್ಬಕ್ಕೆ ಹೊಸಪೇಟೆಯ ಮಗಳ ಮನೆಗೆ ಹೊರಟಿದ್ದವಳು ಚೀಲವನ್ನು ಸಂಡೂರಿನ ಮನೆಯಲ್ಲೇ ಬಿಟ್ಟು, ಯಶವಂತನಗರಕ್ಕೆ ಸಿಕ್ಕ ಬಸ್ಸು ಹತ್ತಿದೆ.

ಅವರ ಜೀಪು ನನಗಿಂತ ಮೊದಲೇ ಬಂದು ನಿಂತಿತ್ತು. ಬೀಗ ತೆಗೆದು ಒಳಗೆ ಕಾಲಿಟ್ಟೆ. ಗೋಡೆಯ ಮೇಲೆ ಜರಡಿಗಳಿದ್ದವು, ಮೂಲೆಯಲ್ಲಿ ಬುಟ್ಟಿಗಳಿದ್ದವು. ಕಪಾಟಿನಲ್ಲಿ ಒಂದೇ ಒಂದು ಸುತ್ತಿಗೆಯೂ ಇರಲಿಲ್ಲ.

"ವಸ್ತು ಎಲ್ಲಿ ಮೇಡಂ?" ಎಂದರು ಹಾಲೇಶ್.

ಇನ್ನೊಂದು ಬೀಗದ ಕೈ ಇದ್ದದ್ದು ಎದುರುಮನೆಯ ಗಾಳೆಮ್ಮನ ಹತ್ತಿರ. ಅವ್ವನ ಜೊತೆ ಅದಿರು ಒಡೆದವಳು, ನನಗೆ ಚಿಗವ್ವ, ಚಿಕ್ಕಮ್ಮನ ಸಮಾನ. ಓಡಿದೆ. ಅಂಗಳದಲ್ಲಿ ಕೂತು ಒಂದು ಸುತ್ತಿಗೆ ತೊಳೆಯುತ್ತಿದ್ದಳು.

"ಚಿಗವ್ವಾ! ಉಳದ ಸುತ್ತಿಗಿ ಎಲ್ಲಿ?"

"ಯಾಕ ಹಂಗ ಒದರ್ತಿ? ಅವರವರ ಮನ್ಯಾಗ ಅದಾವು. ನಾಳಿ ಪೂಜಿ ಅಲ್ಲೇನು? ವರ್ಷಾ ಒಯ್ತೀವಿ, ಹಬ್ಬ ಆದಮ್ಯಾಲೆ ತಂದಿಡ್ತೀವಿ."

ನಾಲ್ಕು ವರ್ಷದಿಂದ! ದಸರೆಯಲ್ಲಿ ನಾನು ಇತ್ತ ಸುಳಿಯುವವಳೇ ಅಲ್ಲ, ನನಗೆ ತಿಳಿದೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. "ಸರ್ಕಾರದವ್ರು ಬಂದು ನಿಂತಾರ! ಒಮ್ಮೆ ಕೊಟ್ಟಮ್ಯಾಲೆ ಅವು ನಿಮ್ಮವಲ್ಲ!" ಎಂದುಬಿಟ್ಟೆ. ಆಡಬಾರದ ಮಾತು.

ಗಾಳೆಮ್ಮ ಕೈ ಒರೆಸಿಕೊಂಡಳು. "ನಮ್ಮವಲ್ಲದ ಮತ್ತ ಯಾರವು? ಇಡಾಕ ಕೊಟ್ಟೀವಿ, ಬಿಡಾಕ ಕೊಟ್ಟಿಲ್ಲ. ಸಾಹೇಬ್ರು ನೋಡಬೇಕೇನು? ಇವತ್ತ ತೋರಸ್ತೀವಿ. ನಾಳಿ ದೇವರ ಜಗಲಿ ಮ್ಯಾಲೆ ಏರಿಸಿದ್ರ ಯಾರಪ್ಪ ಬಂದ್ರೂ ಎತ್ತಂಗಿಲ್ಲ."

ಅರ್ಧ ಗಂಟೆಯಲ್ಲಿ ಕೋಣೆ ತುಂಬಿತು. ಬದುಕಿರುವವರು ತಾವೇ ಬಂದರು, ಸತ್ತವರ ಸುತ್ತಿಗೆಗಳನ್ನು ಸೊಸೆಯರು ತಂದರು. ಎಲ್ಲವನ್ನೂ ಚಾಪೆಯ ಮೇಲೆ ಹರವಿದಾಗ ಹಾಲೇಶ್ ಒಂದನ್ನೆತ್ತಿ, "ಇದು ಯಾರದಂತ ಹೆಂಗ ಹೇಳ್ತೀರಿ?" ಎಂದು ಕೇಳಿದರು.

"ಕೊಡ್ರಿಲ್ಲಿ. ಇದು ತಾಯಕ್ಕಂದು. ಆಕಿ ಎಡಚಿ, ಹಿಡಿಕಿ ಈ ಕಡಿ ಸವದೈತಿ ನೋಡ್ರಿ."

"ಇದು ಉಚ್ಚಂಗೆಮ್ಮಂದು. ಹಡದು ತಿಂಗಳಾಗಿರಲಿಲ್ಲ, ಕೆಲಸಕ್ಕ ಬಂದ್ಲು. ಎತ್ತಾಕ ಆಗವಲ್ದಂತ ಗಂಡ ಹಿಡಿಕಿ ಕತ್ತರಿಸಿ ಗಿಡ್ಡ ಮಾಡಿಕೊಟ್ಟ."

ಹಾಲೇಶ್ ಪೆನ್ನು ತೆಗೆದರು. ಒಬ್ಬೊಬ್ಬರೇ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ನಾಲ್ಕು ವರ್ಷ ದೂಳು ಒರೆಸಿದ ನನಗೆ ಕಂಡದ್ದು ಬರೀ ಕಬ್ಬಿಣ. ನನಗೆ ನಾಚಿಕೆಯಾಯಿತು.

"ಗುರುತಿನ ಕಲಂ ಮುಗೀತು ಬಿಡ್ರಿ" ಎಂದು ಅವರು ಇನ್ನೊಂದು ಕಾಗದ ತೆಗೆದರು. "ವಸ್ತು ಈ ಕೋಣಿ ಬಿಟ್ಟು ಎಂದೂ ಹೊರಗ ಹೋಗಂಗಿಲ್ಲ ಅಂತ ಇವರೆಲ್ಲ ಸಹಿ ಮಾಡಬೇಕು. ಇಲ್ಲಂದ್ರ ಶಿಫಾರಸು ಮಾಡಾಕ ಬರಂಗಿಲ್ಲ."

ಹೆಂಗಸರು ಕಾಗದ ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಹೂಂ ಎಂದರೆ ಹೆಬ್ಬೆಟ್ಟು ಒತ್ತುವವರು. ಕೋಣೆ ಉಳಿಯುತ್ತದೆ, ನಾನು ಹೂಂ ಎಂದರೆ ಸಾಕು. ಕೈ ಚಾಚಿ ಕಾಗದ ತೆಗೆದುಕೊಂಡೆ.

"ಒಂದು ಕಮ್ಮಿ ಐತ್ರಿ, ಮೂವತ್ತೇಳೇ ಅದಾವು" ಎಂದರು ಹಾಲೇಶ್.

ಗಾಳೆಮ್ಮ ಸೆರಗಿನೊಳಗಿಂದ ಇನ್ನೊಂದು ಸುತ್ತಿಗೆ ತೆಗೆದಳು. "ಇದು ಭರಮವ್ವಂದು, ಈ ನಮ್ಮ ಹೇಮಾವತಿ ಅವ್ವಂದು. ಇವಳು ಒಂದು ವರ್ಷನೂ ಒಯ್ಯಲಿಲ್ಲ. ಪೂಜಿ ಇಲ್ಲದಂಗ ಹೆಂಗ ಬಿಡಾದು? ನನ್ನದರ ಜೋಡಿ ನಮ್ಮ ಜಗಲಿ ಮ್ಯಾಲೇ ಇಡ್ತೀನಿ."

ಅಷ್ಟು ಜನರ ಎದುರಿಗೇ ಅಳು ಬಂತು. ತಡೆಯಲಿಲ್ಲ, ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಕಾಗದವನ್ನು ಹಾಲೇಶ್ ಮುಂದೆ ತಿರುಗಿ ಇಟ್ಟೆ.

"ಇದಕ್ಕ ಸಹಿ ಆಗಂಗಿಲ್ರಿ. ವರ್ಷಕ್ಕೊಮ್ಮೆ ಮಹಾನವಮಿಗೆ ಪ್ರತಿ ಸುತ್ತಿಗಿ ಅದರ ಮನಿಗೆ ಹೋಗ್ತೈತಿ, ಹಬ್ಬ ಮುಗಿಸಿ ವಾಪಸ್ ಬರ್ತೈತಿ. ಒಯ್ಯುವಾಗ ಸಹಿ, ತರುವಾಗ ಸಹಿ. ಇದನ್ನ ಅರ್ಜಿಯೊಳಗ ನಾನೇ ಬರೀತೀನಿ. ಒಪ್ಪಲಿಲ್ಲಂದ್ರ ನಾಕನೇ ಅರ್ಜಿ ಹಾಕ್ತೀನಿ, ಐದನೇದೂ ಹಾಕ್ತೀನಿ. ಕೋಣಿ ಹೋದ್ರ ನಮ್ಮನಿ ಪಡಸಾಲಿ ಐತಿ."

"ರೂಲು ಮೇಡಂ..."

"ನಾಳಿ ನಿಮ್ಮ ಗಿರಣಿ ತಕ್ಕಡಿಗೆ ಪೂಜಿ ಇಲ್ಲೇನ್ರಿ?"

ಹೆಂಗಸರು ಗೊಳ್ಳೆಂದು ನಕ್ಕರು. ಹಾಲೇಶ್ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಬರೀರಿ. ನಾನೂ ಶಿಫಾರಸು ಬರದು ಕಳಸ್ತೀನಿ. ಮ್ಯಾಲಿನವ್ರು ಒಪ್ತಾರಂತ ಮಾತು ಕೊಡಾಕ ಆಗಂಗಿಲ್ಲ" ಎಂದು ಪಟ್ಟಿಯ ಕೊನೆಯ ಸಾಲಿಗೆ ಬಂದರು. "ಮೂವತ್ತೆಂಟು. ಭರಮಮ್ಮ. ಗುರುತು ಏನ್ರಿ?"

ಮಗಳಾದ ನನಗೆ ಗೊತ್ತಿರಲಿಲ್ಲ. ಗಾಳೆಮ್ಮ ಹಿಡಿಕೆಯ ತುದಿಯನ್ನು ಬೆಳಕಿಗೆ ತಿರುಗಿಸಿದಳು. ಅಲ್ಲಿ ಸಣ್ಣಸಣ್ಣ ಗೀರು, ಕುಳಿ.

"ಹಲ್ಲಿನ ಗುರುತ್ರಿ. ಇವಳು ಕೂಸಿದ್ದಾಗ ಭರಮವ್ವ ಬಗಲಾಗ ಕುಂದ್ರಿಸಿಕೊಂಡು ಒಡೀತಿದ್ಲು. ಒಂದೀಟು ಕೈಬಿಟ್ರ ಸಾಕು, ಇವಳು ಎಳಕೊಂಡು ಕಚ್ಚಾಕಿ. ಆಗ್ಲೂ ಹಿಂಗ, ಹಿಡದಿದ್ದು ಬಿಡ್ತಿರಲಿಲ್ಲ."

ಹೆಬ್ಬೆರಳಿನಿಂದ ಸವರಿ ನೋಡಿದೆ. ಹಾಲೇಶ್ ಪೆನ್ನನ್ನು ನನ್ನ ಕೈಗೇ ಕೊಟ್ಟರು. 'ಮಗಳ ಹಲ್ಲಿನ ಗುರುತು' ಎಂದು ಬರೆದೆ.

"ನಾಳಿ ಇದು ಯಾರ ಮನಿಗೆ ಹೋಗ್ತೈತಿ?" ಎಂದರು ಹಾಲೇಶ್.

ಗಾಳೆಮ್ಮ ಕೈ ಚಾಚಿದ್ದಳು. "ಈ ಸಲ ನಮ್ಮನಿಗೆ, ಚಿಗವ್ವಾ" ಎಂದು ಸಹಿ ಮಾಡಿ, ಅವ್ವನ ಸುತ್ತಿಗೆಯನ್ನು ಎತ್ತಿಕೊಂಡೆ.