ಏಳು ಹೆಜ್ಜೆ

"ಫ್ರಿಜ್ ಇಂಜೆಕ್ಷನ್?" ಡಾಕ್ಟರಮ್ಮ ಕೇಳಿದರು.

"ಕೊಟ್ಟೆ ಮೇಡಂ," ಎಂದಳು ನರ್ಸ್, ಖಾಲಿ ಬೆರಳುಗಳನ್ನು ಆಯಾಳ ತೊಡೆಗೆ ತಾಗಿಸಿ.

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನೇನು ಮಾಡಬೇಕೆಂಬ ತಾಲೀಮು ಬೆಳಿಗ್ಗೆಯಿಂದ ನಡೆದಿತ್ತು. ಬಾಣಂತಿಯ ಪಾತ್ರ ಆಯಾಳದು. ಅವಳ ಸೊಂಟಕ್ಕೆ ಕಟ್ಟಿದ ಚೀಲದಿಂದ ಕೆಂಪು ನೀರು ಸೋರುತ್ತಿತ್ತು. ಫ್ರಿಜ್ ಇದ್ದದ್ದು ಕೋಣೆಯ ಆ ಮೂಲೆಯಲ್ಲಿ, ಮಂಚದಿಂದ ಏಳು ಹೆಜ್ಜೆ. ಗರ್ಭಕೋಶವನ್ನು ಬಿಗಿಸುವ, ತಣ್ಣಗಿರಬೇಕಾದ ಔಷಧವನ್ನು ತಾಲೀಮಿಗೆಂದು ಹೊರಗೆ ತೆಗೆಯುವುದು ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದು ಮೊದಲೇ ಮಾತಾಗಿತ್ತು.

"ಸೂಜಿ ಚುಚ್ಚಿಸ್ಕೊಳ್ದೇನೇ ಮೂರು ಸಲ ಬದುಕಿಬಿಟ್ಟೆ," ಆಯಾ ಮಲಗಿದಲ್ಲೇ ನಕ್ಕಳು. "ನಂದು ಗಟ್ಟಿ ಪಿಂಡ ಸಿಸ್ಟರಮ್ಮ."

"ಪ್ರಜ್ಞೆ ತಪ್ಪಿದೋಳ ಬಾಯಿ ನೋಡಿ, ಬಿಡುವೇ ಇಲ್ಲ!" ಎಂದಳು ನರ್ಸ್.

ಡಾಕ್ಟರಮ್ಮ ಗಡಿಯಾರ ನೋಡಿ, "ಎರಡು ನಿಮಿಷ. ಭೇಷ್," ಎಂದರು.

ಮಧ್ಯಾಹ್ನ ಮೂರಕ್ಕೆ ಅದೇ ಮಂಚದ ಮೇಲೆ ಚೊಚ್ಚಲ ಬಸುರಿಯೊಬ್ಬಳು ಹೆತ್ತಳು. ಇಪ್ಪತ್ತೆರಡರ ಹುಡುಗಿ. ಮಗು ಅತ್ತಿತು, ಮಾಸೂ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ.

ಡಾಕ್ಟರಮ್ಮ ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜತೊಡಗಿದರು. ಯಾರೂ ಕೂಗಾಡಲಿಲ್ಲ. ನರ್ಸ್ ಡ್ರಿಪ್ ಏರಿಸಿದಳು, ರಕ್ತದ ಬಾಟಲಿ ತರಿಸಲು ಫೋನ್ ಮಾಡಿದಳು.

"ಫ್ರಿಜ್ ಇಂಜೆಕ್ಷನ್?"

"ಕೊಟ್ಟೆ ಮೇಡಂ."

ಗೋಡೆಯ ಹಲಗೆಯ ಮೇಲೆ ಅವಳೇ ಸಮಯ ಬರೆದಳು: ೩.೧೦.

ಮಂಚದ ಕೆಳಗಿನ ಬಕೆಟ್ಟಿಗೆ ಹನಿ ಬೀಳುವ ಸದ್ದು ನಿಲ್ಲಲೇ ಇಲ್ಲ. ಡಾಕ್ಟರಮ್ಮನ ಹಣೆ ಬೆವರಿತು. "ಕೊಟ್ಟು ಒಂಬತ್ತು ನಿಮಿಷ ಆಯ್ತು. ಇನ್ನೂ ನಾದಿದ ಹಿಟ್ಟಿನ ಥರ ಮೆತ್ತಗೇ ಇದೆ. ಥಿಯೇಟರ್‌ಗೆ ಹೇಳಿ ಸಿಸ್ಟರ್, ಗರ್ಭಕೋಶ ತೆಗೀಬೇಕಾಗ್ಬಹುದು."

"ಏನು ತೆಗೀತಾರೆ?" ಹುಡುಗಿಯ ದನಿ ಬಾವಿಯೊಳಗಿಂದ ಬಂದಂತಿತ್ತು.

ಅವಳ ಮೊಣಕಾಲು ಹಿಡಿದು ನಿಂತಿದ್ದ ಆಯಾ ನರ್ಸಿನ ಕಿವಿಯತ್ತ ಬಾಗಿದಳು. "ಸಿಸ್ಟರಮ್ಮ, ನೀವು ಫ್ರಿಜ್ ಕಡೆ ಹೋಗ್ಲೇ ಇಲ್ವಲ್ಲ."

ನರ್ಸ್ ಟ್ರೇ ನೋಡಿದಳು. ಒಡೆದ ಔಷಧದ ಸೀಸೆ ಅಲ್ಲಿರಲಿಲ್ಲ. ಈಗ ತಂದು ಚುಚ್ಚಿದರೆ ಎರಡನೆಯದೆಂದುಕೊಳ್ಳುತ್ತಾರೆ. ಆಯಾಳ ಬಾಯಿಗೆ ಬೀಗ ಹಾಕಿದರಾಯಿತು. ಆದರೆ ಮೊದಲನೆಯದು ಕೆಲಸ ಮಾಡಲಿಲ್ಲವೆಂದೇ ನಂಬಿ ಡಾಕ್ಟರಮ್ಮ ಕಾಯುವುದಿಲ್ಲ, ಕತ್ತಿ ಎತ್ತಿಕೊಳ್ಳುತ್ತಾರೆ.

"ಮೇಡಂ, ಇಂಜೆಕ್ಷನ್ ಕೊಟ್ಟಿಲ್ಲ."

"ಏನಂದ್ರಿ?"

"ಬೆಳಿಗ್ಗೆ ಹೇಳಿದ ಹಾಗೇ ಹೇಳ್ಬಿಟ್ಟೆ. ಕೊಟ್ಟಿಲ್ಲ."

ಡಾಕ್ಟರಮ್ಮ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಓಡಿ."

ಸೂಜಿ ಇಳಿದ ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ನರ್ಸಿನ ಕೈ ಹಿಡಿದೆಳೆದು ಹುಡುಗಿಯ ಹೊಟ್ಟೆಯ ಮೇಲಿಟ್ಟರು. ಅಂಗೈಯಡಿ ಗರ್ಭಕೋಶ ಚೆಂಡಿನಂತೆ ಬಿಗಿದಿತ್ತು. ಬಕೆಟ್ ಸುಮ್ಮನಾಗಿತ್ತು. ನರ್ಸ್ ಹಲಗೆಯ ಬಳಿ ಹೋಗಿ ೩.೧೦ರ ಮೇಲೆ ಗೆರೆ ಎಳೆದಳು. ಅಳಿಸಲಿಲ್ಲ. ಪಕ್ಕದಲ್ಲಿ ೩.೧೯ ಎಂದು ಬರೆದು ತನ್ನ ಸಹಿ ಹಾಕಿದಳು.

ಮರುವಾರ ಮತ್ತೆ ತಾಲೀಮು. ಆಯಾ ಕಣ್ಣು ಮುಚ್ಚಿ ಮಲಗಿದ್ದಳು. ಈ ಸಲ ತುಟಿಪಿಟಕ್ಕೆನ್ನಲಿಲ್ಲ.

"ಫ್ರಿಜ್ ಇಂಜೆಕ್ಷನ್?"

ನರ್ಸ್ ಏಳು ಹೆಜ್ಜೆ ನಡೆದು ಫ್ರಿಜ್ಜಿನ ಬಾಗಿಲು ತೆಗೆದಳು. ತಂಪು ಮುಖಕ್ಕೆ ಬಡಿಯಿತು. ಹಿಂದೆ ಡಾಕ್ಟರಮ್ಮನ ಗಡಿಯಾರ ಓಡುತ್ತಿತ್ತು. ಬಾಯಲ್ಲಿ ಹೇಳಿದರೆ ಸಾಕು ಎಂದು ಯಾರೂ ಹೇಳಲಿಲ್ಲ.