ಎಡ ಹೆಗಲು

ಟೀ ಇವತ್ತೂ ಅರ್ಧ ಲೋಟವೇ ಇತ್ತು.

ನೀಲಕಂಠಸ್ವಾಮಿ ಲೋಟದೊಳಗೆ ನೋಡಿದ. ಆಮೇಲೆ ಅದನ್ನು ತಂದಿಟ್ಟ ಮಾದೇಶನ ಕಡೆ ನೋಡಿದ. ಮಾದೇಶ ಆಗಲೇ ಬೆನ್ನು ತಿರುಗಿಸಿ ಬೇವಿನ ಮರಕ್ಕೆ ಗುರಿಯ ಅಭ್ಯಾಸದ ಹುಲ್ಲು ತುಂಬಿದ ಗೋಣಿಚೀಲ ಕಟ್ಟುತ್ತಿದ್ದ. ಹನ್ನೊಂದು ವರ್ಷದಿಂದ ಇವನ ಜೀಪು ಓಡಿಸುತ್ತಿರುವ ಆಸಾಮಿ. ಕಂಠದವರೆಗೆ ತುಂಬಿ ಕೊಡುತ್ತಿದ್ದವನು ಯಾವತ್ತಿನಿಂದ ಅರ್ಧಕ್ಕೆ ಇಳಿಸಿದ? ಹಾಲಿನ ರೇಟು ಏರಿತೆಂದೇ? ಅಥವಾ ತುಂಬಿದ ಲೋಟ ತುಳುಕಿದ್ದನ್ನು ಎಂದೋ ಕಂಡಿದ್ದಾನೆಯೇ?

ಕಂಡಿದ್ದರೆ ಹೇಳಬೇಕಿತ್ತು. ಹೇಳಿದ್ದರೆ ಬೈಯಬಹುದಿತ್ತು.

ಬಲಗೈ ನಡುಗಲು ಶುರುವಾಗಿ ಎಂಟು ತಿಂಗಳು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಅಂಗೈ. ಗುಂಡ್ಲುಪೇಟೆ ಸೀಮೆಯಲ್ಲಿ ಊರಿಗೆ ನುಗ್ಗಿದ ಚಿರತೆ, ಹುಲಿ, ಆನೆಗಳಿಗೆ ಬಂದೂಕಿನಿಂದ ಮದ್ದಿನ ಸೂಜಿ ಹೊಡೆದು ಮಲಗಿಸುವ ಡಾಕ್ಟರು ಇವನು. ನಾಡಿ ಹಿಡಿಯುವ ಡಾಕ್ಟರಿಗೆ ಕೈ ನಡುಗಿದರೆ ವಯಸ್ಸಾಯಿತು ಅನ್ನುತ್ತಾರೆ. ಗುರಿ ಹಿಡಿಯುವವನಿಗೆ ನಡುಗಿದರೆ ಚಾಮರಾಜನಗರದ ಆಫೀಸಿನಲ್ಲಿ ಒಂದು ಕುರ್ಚಿ, ಒಂದು ಫ್ಯಾನು, ಸತ್ತ ಪ್ರಾಣಿಗಳ ವರದಿಗೆ ಸಹಿ. ಅದೂ ನಡುಗುವ ಸಹಿ. ಅವನು ಯಾರಿಗೂ ಹೇಳಲಿಲ್ಲ. ಬಂದೂಕನ್ನು ಎಡ ಹೆಗಲಿಗೆ ಏರಿಸಿದ.

"ಒಳ್ಳೇ ಗುರಿಕಾರನಿಗೆ ಎರಡು ಕೈಯೂ ಒಂದೇ ಸಮ ಇರಬೇಕು," ಎಂದು ಸಿಬ್ಬಂದಿಗೆ ಹೇಳಿದ. ಎಲ್ಲರೂ ತಲೆದೂಗಿದರು. ಅಷ್ಟು ಬೇಗ ಯಾಕೆ ತಲೆದೂಗಿದರು ಎಂದು ಅವತ್ತು ರಾತ್ರಿಯೆಲ್ಲ ತಲೆಗೆ ಹುಳ ಬಿಟ್ಟುಕೊಂಡ.

ಎಡಗೈ ಎಂಬುದು ಹೊಸದಾಗಿ ಬಂದ ಸೊಸೆಯ ಹಾಗೆ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಪ್ರತಿಸಲವೂ ಕೇಳುತ್ತದೆ. ಎಡಗಣ್ಣಿಂದ ಗುರಿ ನೋಡೋಣವೆಂದರೆ ಬಲಗಣ್ಣು ಮುಚ್ಚಲು ಒಪ್ಪುತ್ತಿರಲಿಲ್ಲ. ಬಂದೂಕಿನ ಕುದುರೆ ಎಳೆಯುವುದು ಎಡಗೈಯಾದರೂ ಕೊಳವೆಯ ಕೆಳಗೆ ಆಸರೆಗೆ ಬರುವುದು ಅದೇ ಹಾಳು ಬಲಗೈ. ಅದಕ್ಕೇ ಕೊಳವೆಯನ್ನು ಕಿಟಕಿಗೋ ಜೀಪಿನ ಬಾಗಿಲಿಗೋ ಊರಿ ಹೊಡೆಯುವುದು ಕಲಿತ. ಎರಡು ತಿಂಗಳಲ್ಲಿ ಹತ್ತಕ್ಕೆ ಆರು ಸೂಜಿ ಚೀಲಕ್ಕೆ ಬೀಳತೊಡಗಿದವು.

ಇವತ್ತು ಮೊದಲ ಸೂಜಿಯೇ ಚೀಲದ ನಡುಮಧ್ಯಕ್ಕೆ ಹೋಯಿತು.

"ಸೂಪರ್ ಸರ್," ಎಂದ ಸಾಗರ್.

ಸಾಗರ್ ಮೈಸೂರಿನವನು, ಮೂವತ್ತರ ಪಶುವೈದ್ಯ. ಮೂರು ವಾರದ ಹಿಂದೆ ಕೆಲಸ ಕಲಿಯಲೆಂದು ಮೇಲಿನವರು ಇಲ್ಲಿಗೆ ಕಳಿಸಿದ್ದರು. ಕಲಿಯಲು ಬಂದವನು ಪ್ರಶ್ನೆ ಕೇಳುತ್ತಾನೆ. ಇವನು ಇವತ್ತಿನವರೆಗೆ ಒಂದನ್ನೂ ಕೇಳಿರಲಿಲ್ಲ.

"ನೀನೂ ಎಡಗೈಲಿ ಟ್ರೈ ಮಾಡು."

"ನನಗ್ಯಾಕೆ ಸರ್?" ಎಂದವನು ತಡೆದು, "ಮಾಡ್ತೀನಿ ಸರ್, ಆಮೇಲೆ," ಎಂದ.

ನನಗ್ಯಾಕೆ. ಆ ಒಂದು ಮಾತನ್ನು ನೀಲಕಂಠಸ್ವಾಮಿ ಮನೆ ಸೇರುವವರೆಗೂ ಅಗಿದ. ಮನೆಯಲ್ಲಿ ಹೆಂಡತಿ ಭಾಗ್ಯ ಇಡ್ಲಿಯ ತಟ್ಟೆಯಲ್ಲಿ ಚಮಚ ಇಟ್ಟಿದ್ದಳು. ಕುರ್ಚಿಯ ಮೇಲೆ ಹೊಸ ಟೀ ಶರ್ಟು, ಗುಂಡಿ ಇಲ್ಲದ್ದು.

"ಗುಂಡಿ ಇರೋ ಶರ್ಟು ಏನಾದ್ವು?"

"ಇಸ್ತ್ರಿಗೆ ಹೋಗಿವೆ."

"ಎಲ್ಲಾನೂ?"

"ಎಲ್ಲಾನೂ ಒಟ್ಟಿಗೇ ಹೋಗ್ತವೆ ಕಣ್ರೀ. ಏನೀಗ?"

ಏನೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇರಲಿಲ್ಲ, ಈ ಪುಣ್ಯಾತ್ಮ ಬೆಳಗಿನಿಂದ ಬೈಗಿನವರೆಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಹತ್ತೂವರೆಗೆ ಫೋನು ಬಂತು. ಹರವೆಯಲ್ಲಿ ಶಾಂತಮಲ್ಲಪ್ಪ ಎಂಬ ರೈತರ ಅರಿಶಿನದ ಶೆಡ್ಡಿಗೆ ಚಿರತೆ ನುಗ್ಗಿದೆ, ಯಾರೋ ಗಟ್ಟಿಗರು ಹೊರಗಿನಿಂದ ಬಾಗಿಲು ಹಾಕಿದ್ದಾರೆ. ತೆರಕಣಾಂಬಿ ದಾಟುವಾಗ ಜೀಪಿನಲ್ಲಿ ನೀಲಕಂಠಸ್ವಾಮಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಒಂದು ತೀರ್ಮಾನಕ್ಕೆ ಬಂದ. ಪ್ರಾಣಿಯ ಮೇಲೆ ಎಡಗೈ ಹೂಡುವುದು ಇದೇ ಮೊದಲು. ತಪ್ಪಿದರೆ ನಾಳೆ ತಾನೇ ಪತ್ರ ಬರೆದುಕೊಟ್ಟು ಬಂದೂಕು ಕೆಳಗಿಡುವುದು. ಬಿದ್ದರೆ ಯಾರು ಏನು ಅನುಮಾನಪಟ್ಟರೂ ಕ್ಯಾರೇ ಅನ್ನುವುದಿಲ್ಲ. ಹೀಗೆ ತೀರ್ಮಾನಿಸಿದ ಮೇಲೆ ಸ್ವಲ್ಪ ಹಗುರಾಯಿತು, ಭಯವೂ ಆಯಿತು.

ಹರವೆಯಲ್ಲಿ ಊರಿಗೆ ಊರೇ ಮಾಳಿಗೆಗಳ ಮೇಲಿತ್ತು. ಬಂದೂಕು ಎಡ ಹೆಗಲಿಗೆ ಹೋದದ್ದೇ ತಡ, ಮೇಲಿನಿಂದ ಒಂದು ದನಿ ಕೇಳಿತು.

"ಇದ್ಯಾಕ್ಲಾ, ಡಾಕ್ಟ್ರು ಎಡಚ್ನಂಗೆ ಹಿಡ್ಕಂಡವ್ರೆ?"

"ಊರ್ಗೆಲ್ಲ ಒಂದ್ ದಾರಿ ಆದ್ರೆ ಎಡವಟ್ಟಂಗೊಂದ್ ದಾರಿ ಕಣ್ಲಾ. ಸುಮ್ಕಿರು."

ನಗು. ಮಾದೇಶ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಶೆಡ್ಡಿನ ಪೂರ್ವಕ್ಕೆ ಕಿಟಕಿ, ಎದುರು ಗೋಡೆಯಲ್ಲಿ ಇಟ್ಟಿಗೆ ಬಿದ್ದ ಕಿಂಡಿ. ನೀಲಕಂಠಸ್ವಾಮಿ ಕಿಟಕಿಗೆ ನಿಂತ. ಇನ್ನೊಂದು ಬಂದೂಕು ಹಿಡಿದ ಸಾಗರನನ್ನು ಕಿಂಡಿಗೆ ಕಳಿಸಿದ.

"ನಾನು ಹೇಳದೆ ಹೊಡೀಬೇಡ."

"ಇಲ್ಲ ಸರ್."

ಒಳಗೆ ಆಳೆತ್ತರದ ಅರಿಶಿನದ ರಾಶಿ. ಅದರ ಪಕ್ಕದಲ್ಲಿ ಚಿರತೆ ಬಾಗಿಲ ಕಡೆ ಮುಖ ಮಾಡಿ ಕೂತಿತ್ತು. ಅದರ ಎಡ ತೊಡೆ ಇವನ ಕಡೆ, ಬಲ ತೊಡೆ ಸಾಗರನ ಕಡೆ. ಕೊಳವೆಯನ್ನು ಕಿಟಕಿಗೆ ಊರಿದ. ಬಲಗಣ್ಣು ಮುಚ್ಚಿತು. ಉಸಿರು ಹಿಡಿದು ಕುದುರೆ ಎಳೆದ.

ಟಪ್. ಅದರ ಬೆನ್ನಿಗೇ ಇನ್ನೊಂದು ಟಪ್.

ಪ್ರತಿಧ್ವನಿ ಇರಬೇಕು, ತಗಡಿನ ಸೂರು. ಚಿರತೆ ಚಿಮ್ಮಿ ರಾಶಿಯ ಹಿಂದೆ ಮರೆಯಾಯಿತು. ಹದಿನೈದು ನಿಮಿಷ ಕಾದರು. ಒಳಗೆ ಮೊದಲು ಹೋಗಬೇಕಾದವನು ಡಾಕ್ಟರು. ಆದರೆ ಶಾಂತಮಲ್ಲಪ್ಪ ಅಡ್ಡ ಬಂದು ಕೈ ಮುಗಿದರು, ಯಾರೋ ಮೊಬೈಲು ಹಿಡಿದು ಪಕ್ಕಕ್ಕೆ ನಿಂತರು, ಒಂದು ಸೇವಂತಿಗೆ ಹಾರ ಕೂಡ ಎಲ್ಲಿಂದಲೋ ಬಂತು. ಅದನ್ನೆಲ್ಲ ಬಿಡಿಸಿಕೊಂಡು ಹೋಗುವ ಹೊತ್ತಿಗೆ ಚಿರತೆ ಬಲೆಯ ಮೇಲೆ ಮಲಗಿತ್ತು. ಪಕ್ಕದಲ್ಲಿ ಮಾದೇಶ, ಸಾಗರ್.

"ಸೂಜಿ?"

"ಕಿತ್ಬುಟ್ಟೆ ಸಾ." ಮಾದೇಶ ಜೇಬಿನಿಂದ ಗುಲಾಬಿ ಬಣ್ಣದ ಬಾಲದ ಸೂಜಿ ತೆಗೆದ. ಒಂದೇ ಸೂಜಿ. ಎರಡೂ ಬಂದೂಕಿಗೆ ಹಾಕಿದ್ದು ಅದೇ ಗುಲಾಬಿ ಬಾಲದ್ದು.

"ಎಲ್ಲಿ ಚುಚ್ಚಿತ್ತು?"

"ತೊಡೆಗೆ ಸಾ."

"ಯಾವ ತೊಡೆಗೆ?"

ಮಾದೇಶ ಸಾಗರನನ್ನು ನೋಡಿದ. ಸಾಗರ್ ಸೂರನ್ನು ನೋಡಿದ.

"ನಿಮ್ದೇ ಕಣ್ ಸಾ. ನಿಮ್ದಲ್ದೆ ಇನ್ಯಾರ್ದು? ಏನ್ ಗುರಿ ಬುಡಿ!"

"ಸಾಗರ್, ನೀನು ಹೊಡೆದೆಯಾ?"

"ನೀವು ಹೇಳ್ಲಿಲ್ವಲ್ಲ ಸರ್."

ಅದು ಉತ್ತರವಾಗಿರಲಿಲ್ಲ. ಸಾಗರನ ಬಂದೂಕು ತೆಗೆದು ನೋಡಿದ. ಖಾಲಿ. ಕೆಲಸ ಮುಗಿದ ಕೂಡಲೇ ಮದ್ದಿನ ಸೂಜಿ ತೆಗೆದು ಪೆಟ್ಟಿಗೆಗೆ ಹಾಕಬೇಕೆಂಬ ನಿಯಮವನ್ನು ಈ ಮೂರು ವಾರದಲ್ಲಿ ಕಲಿಸಿದವನು ತಾನೇ. ಪೆಟ್ಟಿಗೆಯ ತುಂಬ ಗುಲಾಬಿ ಬಾಲಗಳು, ಇವನು ಹಾಕಿದನೋ ಹೊಡೆದನೋ ತಿಳಿಯುವಂತಿರಲಿಲ್ಲ.

ಗುರಿ ತಪ್ಪಿದ ಸೂಜಿಯಿದ್ದರೆ ಅರಿಶಿನದಲ್ಲೇ ಇರಬೇಕು. ರಾಶಿಗೆ ಕೈ ಹಾಕಿದ. ಮೊಣಕೈವರೆಗೂ ಹಳದಿ. ಕೊಂಬುಗಳು ದಬದಬ ಉರುಳಿದವು.

"ಅರಿಸ್ನ ತುಳೀಬ್ಯಾಡಿ ಸಾಮಿ," ಎಂದರು ಶಾಂತಮಲ್ಲಪ್ಪ. "ಪಾಲಿಸ್ ಮಾಡ್ಸಿ ಮಡಗಿವ್ನಿ. ಏನ್ ಕಳ್ಕಂಡ್ರಿ?"

"ಏನಿಲ್ಲ."

"ಚಿರತೆ ಸಿಕ್ತಲ್ಲ ಬುಡಿ. ಇನ್ನೇನ್ ಬೇಕು?"

ಇನ್ನೇನು ಬೇಕು. ಅವನಿಗೆ ಅಳು ಬಂತು. ಇಷ್ಟು ಜನರಲ್ಲಿ ಒಬ್ಬನಾದರೂ ನೀನು ತಪ್ಪಿದೆ ಅನ್ನಬಾರದೇ? ಹಾಗಂದವನ ಕಾಲಿಗೆ ಬೇಕಾದರೂ ಬೀಳುತ್ತಿದ್ದ. ತಪ್ಪಿದೆ ಅಂದರೆ ಪತ್ರ ಬರೆಯಬಹುದು. ಬಿತ್ತು ಅಂದರೆ ನಂಬಬಹುದು, ಅನ್ನುವವನು ಮಾದೇಶನಾಗಿರದಿದ್ದರೆ. ಮಾದೇಶ ಹೆತ್ತ ತಾಯಿಯ ಹಾಗೆ ಸುಳ್ಳು ಹೇಳಬಲ್ಲ. ಆ ಪ್ರೀತಿ ನೆನೆದು ಅವನಿಗೆ ಮೈ ಉರಿಯಿತು.

ಆಗ ಹೊಳೆಯಿತು: ಪ್ರಾಣಿ ಸುಳ್ಳು ಹೇಳುವುದಿಲ್ಲ. ಸೂಜಿ ಹೊಕ್ಕ ಕಡೆ ತೂತಿರಲೇಬೇಕು. ಎಡ ತೊಡೆಯಲ್ಲಿದ್ದರೆ ತನ್ನದು, ಬಲದಲ್ಲಿದ್ದರೆ ಸಾಗರನದು.

ಅಷ್ಟರಲ್ಲಿ ಚಿರತೆಯನ್ನು ಬೋನಿಗೆ ಹಾಕಿ ಟ್ರಾಕ್ಟರಿಗೆ ಏರಿಸಿದ್ದರು. ಜನರನ್ನು ತಳ್ಳಿಕೊಂಡು ಹೋದ. ಸರಳುಗಳ ನಡುವೆ ಇಣುಕಿದ. ಚಿರತೆಯ ಎಡ ತೊಡೆಗೆ ಅಂಗೈ ಅಗಲ ನೇರಳೆ ಔಷಧಿ ಬಳಿದಿತ್ತು. ಬಲ ತೊಡೆಗೂ ಅಷ್ಟೇ ಅಗಲಕ್ಕೆ ಬಳಿದಿತ್ತು.

"ಎರಡೂ ಕಡೆ ಯಾಕೋ?"

"ಅಲ್ಲಲ್ಲೇ ಪರಚ್ಕಂಡಿತ್ತು ಸಾ," ಎಂದ ಮಾದೇಶ, ಚಕ್ರದ ಕಡೆ ನೋಡುತ್ತ. "ಅದ್ಕೇ ಎರಡ್ಗೂ ಹಚ್ಬುಟ್ಟೆ."

ನೀಲಕಂಠಸ್ವಾಮಿ ಟ್ರಾಕ್ಟರು ಹತ್ತಿದ. ಸರಳುಗಳ ನಡುವೆ ಬಲಗೈ ತೂರಿಸಿದ. ಗುರಿಗೆ ಆಗದಿದ್ದರೂ ತಡಕುವುದಕ್ಕೆ ಮೂವತ್ತು ವರ್ಷ ಪಳಗಿದ ಕೈ. ಎಡ ತೊಡೆಯ ಕೂದಲನ್ನು ಬೆರಳಿನಿಂದ ಸೀಳಿ, ಹೇನು ನೋಡುವವನ ಹಾಗೆ, ಒಂದೊಂದೇ ಅಂಗುಲ ತಡಕತೊಡಗಿದ. ನೇರಳೆ ಬೆರಳಿಗೆ ಹತ್ತಿತು. ಕೆಳಗೆ ಮೊಬೈಲುಗಳು ಎದ್ದು ನಿಂತವು.

"ಸರ್," ಎಂದ ಸಾಗರ್. "ಎಚ್ಚರದ ಇಂಜೆಕ್ಷನ್ ಕೊಟ್ಟಾಗಿದೆ. ಕೈ ತೆಗೀರಿ."

ಇಲ್ಲೊಂದು ಗಂಟು. ಹಳೆಯ ಮುಳ್ಳಿನ ಗಾಯ. ಇನ್ನೂ ಸ್ವಲ್ಪ ಮೇಲೆ ಇರಬೇಕು.

"ಸಾ, ಕೈ ತಗೀರಿ ಸಾ! ಕಿವಿ ಆಡುಸ್ತಾದೆ!"

ಚಿರತೆಯ ಕಣ್ಣಿಗೆ ಕಟ್ಟಿದ್ದ ಬಟ್ಟೆ ಜಾರಿತ್ತು. ಕಣ್ಣು ಎವೆಯಿಕ್ಕದೆ ತೆರೆದೇ ಇತ್ತು. ಅದು ನೋಡುತ್ತಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಬೆರಳಿನಡಿಯಲ್ಲಿ ಏನೋ ಸಣ್ಣಗೆ ಅದುರಿತು. ಅವನು ಉಸಿರು ಹಿಡಿದ. ಅದುರಿದ್ದು ಅದರ ಮಾಂಸವೋ ತನ್ನ ಕೈಯೋ? ಕೆಳಗಿನಿಂದ ಇಡೀ ಹರವೆ ಒಂದೇ ದನಿಯಲ್ಲಿ ಕೂಗುತ್ತಿತ್ತು. ಮಾದೇಶ ಅವನ ಸೊಂಟ ಹಿಡಿದು ಎಳೆಯುತ್ತಿದ್ದ. ನೀಲಕಂಠಸ್ವಾಮಿ ಎಡಗೈಯಿಂದ ಸರಳನ್ನು ಭದ್ರವಾಗಿ ಹಿಡಿದು, ಬಲಗೈಯನ್ನು ಇನ್ನೂ ಒಳಗೆ ಚಾಚಿದ. ಗೊತ್ತಾಗಲು ಇನ್ನು ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೇ.